ಕಳಂಬೋಲಿಯ ಕೋಟೆಗೆ ಬಂದ ಮಲ್ಲಮ್ಮ



ಕಳಂಬೋಲಿಗೆ ಬನ್ನಿ ಎಂದು ಕರೆದರೆ "ಅಲ್ಲಿ ನೋಡೋದಕ್ಕೆ ಏನಿದೆ ಆಂಟಿ?" ಎಂದು ನೀವು ನಗುತ್ತೀರಿ. ತಪ್ಪೇನಿಲ್ಲ. ಪುಣೆಯ ಎಕ್ಸ್‌ಪ್ರೆಸ್‌ವೇ ಶುರುವಾಗುವ ಜಾಗ, ಕಬ್ಬಿಣದ ಮಾರ್ಕೆಟ್ಟು, ಉದ್ದುದ್ದ ಟ್ರೇಲರುಗಳ ಸಾಲು. ಮದುವೆಯಾಗಿ ಬೈಲಹೊಂಗಲದ ಕಡೆಯಿಂದ ಇಲ್ಲಿಯ ಸಿಡ್ಕೊ ಮನೆಗೆ ಬಂದಾಗ ನನಗೂ ಹಾಗೆಯೇ ಅನಿಸಿತ್ತು. ಆದರೆ ದೀಪಾವಳಿಗೆ ಒಂದು ವಾರ ಮುಂಚೆ ಬಂದು ನೋಡಿ. ಸ್ಕೂಟರ್ ನಿಲ್ಲಿಸುವ ಮೂಲೆಯಲ್ಲಿ, ನೀರಿನ ಟಾಕಿಯ ಪಕ್ಕದಲ್ಲಿ ಕೋಟೆಗಳು ಎದ್ದಿರುತ್ತವೆ!

ಮಹಾರಾಷ್ಟ್ರದ ಮಕ್ಕಳು ದೀಪಾವಳಿಗೆ ಕಟ್ಟುವ 'ಕಿಲ್ಲಾ' ಇದು. ಇಟ್ಟಿಗೆ ಕಲ್ಲುಗಳ ಗುಡ್ಡೆಗೆ ಗೋಣಿಚೀಲ ಹೊದಿಸಿ, ಕೆಸರು ಮೆತ್ತಿ, ಸಾಸಿವೆಯನ್ನೋ ಅಳವಿ ಬೀಜವನ್ನೋ ಚೆಲ್ಲಿ ನೀರು ಚಿಮುಕಿಸಿದರೆ ನಾಲ್ಕಾರು ದಿನದಲ್ಲಿ ಬೆಟ್ಟಕ್ಕೆ ಹಸಿರು ಬರುತ್ತದೆ. ತುದಿಯಲ್ಲಿ ಸಿಂಹಾಸನದ ಮೇಲೆ ಶಿವಾಜಿ ಮಹಾರಾಜರು, ಮೆಟ್ಟಿಲುಗಳ ಮೇಲೆ ಅವರ ಸೈನಿಕರಾದ ಮಾವಳೆಗಳು. ನಮ್ಮೂರಲ್ಲಿ ದೀಪಾವಳಿಗೆ ಸೆಗಣಿಯ ಪಾಂಡವರನ್ನಿಟ್ಟು ಬೆಳೆದ ನನಗೆ ಇದನ್ನು ಒಪ್ಪಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

2025ರ ದೀಪಾವಳಿಯಲ್ಲಿ ನಮ್ಮ ಸೊಸಾಯಿಟಿಯ ಮಕ್ಕಳು ರಾಯಗಡವನ್ನೇ ಕಟ್ಟಬೇಕೆಂದು ಹಟ ಹಿಡಿದರು. ಆ ಜುಲೈನಲ್ಲಷ್ಟೇ ಮರಾಠರ 12 ಕೋಟೆಗಳು ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದವು, ರಾಯಗಡವೂ ಅದರಲ್ಲೊಂದು. ಕೋಟೆ ದೊಡ್ಡದಾಯಿತು, ಸೈನ್ಯ ಸಾಲದಾಯಿತು. ವರ್ಗವಾಗಿ ನಾಗಪುರಕ್ಕೆ ಹೊರಟಿದ್ದ ಮನೆಯವರು ತಮ್ಮ ಮಕ್ಕಳ ಹಳೆಯ ಗೊಂಬೆಗಳ ಡಬ್ಬಿಯನ್ನು ಕೊಟ್ಟುಹೋದರು. ಅದರಲ್ಲಿದ್ದ ಒಬ್ಬ ಕುದುರೆ ಸವಾರನಿಗೆ ಒಂದು ಕೈಯಿರಲಿಲ್ಲ, ಮುಂಡಾಸು ಮುಕ್ಕಾಗಿತ್ತು. ಮಕ್ಕಳು "ಕಾಕೂ, ಇವನನ್ನು ಎಸೆಯೋಣವೇ?" ಎಂದಾಗ ನಾನು ಮನೆಗೆ ತಂದೆ.

ಹಬ್ಬಕ್ಕೆ ಪುಣೆಯಿಂದ ಬಂದಿದ್ದ ನನ್ನ ಮಗ ಇಂಥ ಕೆಲಸದಲ್ಲಿ ಪಳಗಿದವನು. ಬೆರಳುದ್ದವೂ ಇಲ್ಲದ ಪ್ಲಾಸ್ಟಿಕ್ ಸೈನಿಕರನ್ನು ಸೆಕೆಂಡ್ ಹ್ಯಾಂಡ್ ಕೊಂಡು, ಬಣ್ಣ ಬಳಿದು, ಮೇಜಿನ ಮೇಲೆ ಗೆಳೆಯರೊಡನೆ ಯುದ್ಧವಾಡುವುದು ಅವನ ಹವ್ಯಾಸ. ಇದೇನು ಹುಚ್ಚು ಎಂದು ಬೈದಿದ್ದೆ. ಎಚ್.ಜಿ. ವೆಲ್ಸ್ 1913ರಲ್ಲೇ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮಗಳನ್ನು ಬರೆದು 'ಲಿಟಲ್ ವಾರ್ಸ್' ಎಂಬ ಪುಸ್ತಕ ಮಾಡಿದ್ದನೆಂದು ಅವನು ಹೇಳಿದ ಮೇಲೆ ಸುಮ್ಮನಾದೆ. ಇಂಗ್ಲಿಷ್ ಬಿ.ಎ. ಮಾಡಿದವಳು ನಾನು, ಗೊತ್ತಿರಲಿಲ್ಲ!

ನಾನು ಅವಸರದಲ್ಲಿ ಡಬ್ಬಿಯ ಬಣ್ಣವನ್ನು ನೇರ ಮುಖಕ್ಕೆ ಬಳಿದೆ. ಮೂಗು ಬಾಯಿ ಎರಡೂ ಮುಚ್ಚಿಹೋದವು. "ಅವ್ವಾ, ಇದು ಗೋಡೆಯಲ್ಲ" ಎಂದು ಮಗ ಬ್ರಷ್ ಕಸಿದುಕೊಂಡ. ಅದನ್ನು ಕೆರೆದು ತೆಗೆದು, ಎಂ-ಸೀಲಿನಿಂದ ಕೈ ಮಾಡಿದ. ಮೊದಲು ತೆಳ್ಳಗೆ ಒಂದು ಕೈ ಬಿಳಿ ಬಣ್ಣ, ಅದು ಪೂರ್ತಿ ಒಣಗಿದ ಮೇಲೆ ಉಳಿದದ್ದು. ಕೊನೆಗೆ ಕಂದು ಬಣ್ಣವನ್ನು ನೀರಿನಂತೆ ಮಾಡಿ ಹರಿಯಬಿಟ್ಟ. ಬಟ್ಟೆಯ ಮಡಿಕೆಗಳಲ್ಲಿ ತಾನಾಗಿಯೇ ನೆರಳು ಕೂತಿತು.

ಕೆಲಸದ ನಡುವೆ ಅವನು ತಲೆಯೆತ್ತದೆ ಹೇಳಿದ: "ಸಣ್ಣವನಿದ್ದಾಗ ಕೋಟೆ ಆಟದಲ್ಲಿ ನಾನು ಯಾವಾಗಲೂ ಶತ್ರು, ಗೊತ್ತಾ? ಕಾನಡಿ ಅಂತ." ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಹೇಳಿರಲೂ ಇಲ್ಲ. ಆಗ ನಾನು ನನ್ನ ತವರಿನ ಪಕ್ಕದ ಬೆಳವಡಿಯ ಕಥೆ ತೆಗೆದೆ. ಆ 12 ಕೋಟೆಗಳಲ್ಲಿ ತಮಿಳುನಾಡಿನ ಜಿಂಜಿಯೂ ಇದೆಯಲ್ಲ, ಅದನ್ನು ಶಿವಾಜಿ 1677ರಲ್ಲಿ ಗೆದ್ದದ್ದು. ಆ ದಂಡಯಾತ್ರೆ ಮುಗಿಸಿ ಮರಳುವಾಗ, 1678ರಲ್ಲಿ, ಅವನ ಸೈನ್ಯವನ್ನು ಎದುರಿಸಿ ನಿಂತವಳು ಬೆಳವಡಿ ಮಲ್ಲಮ್ಮ. ಹೆಂಗಸರ ಪಡೆ ಕಟ್ಟಿದ್ದಳೆಂದು ನಮ್ಮ ಕಡೆ ಹೇಳುತ್ತಾರೆ. ಕೊನೆಗೆ ಶಿವಾಜಿ ಅವಳನ್ನು ಗೌರವದಿಂದ ಕಂಡ. ಧಾರವಾಡದ ಹತ್ತಿರದ ಯಾದವಾಡದಲ್ಲಿ ಒಂದು ಶಿಲ್ಪವಿದೆ. ಅದರಲ್ಲಿ ಶಿವಾಜಿಯ ತೊಡೆಯ ಮೇಲಿರುವುದು ಮಲ್ಲಮ್ಮನ ಮಗುವೆಂದೂ, ಶಿಲ್ಪವನ್ನು ಕೆತ್ತಿಸಿದವಳು ಅವಳೇ ಎಂದೂ ಜನ ಹೇಳುತ್ತಾರೆ.

ಮಗ ಏನೂ ಅನ್ನಲಿಲ್ಲ. ಮರಳು ಕಾಗದ ತೆಗೆದುಕೊಂಡು ಸವಾರನ ಮೀಸೆಯನ್ನು ಉಜ್ಜತೊಡಗಿದ. ರಾತ್ರಿ ಒಂದು ಗಂಟೆಯ ಹೊತ್ತಿಗೆ ಕುದುರೆಯ ಮೇಲೆ ಇಳಕಲ್ಲಿನ ಕೆಂಪಂಚಿನ ಕಚ್ಚೆ ಸೀರೆಯ ಹೆಣ್ಣೊಬ್ಬಳು ಕೂತಿದ್ದಳು. ಕುಂಕುಮವನ್ನು ಹಲ್ಲುಕಡ್ಡಿಯ ತುದಿಯಿಂದ ನಾನೇ ಇಟ್ಟೆ.

ಬೆಳಿಗ್ಗೆ ಕೋಟೆಯ ಬಳಿ ದೊಡ್ಡ ಚರ್ಚೆ ನಡೆಯಿತು. ಮಹಾರಾಜರ ವಿರುದ್ಧ ಹೋರಾಡಿದವಳು ಸೈನ್ಯದಲ್ಲಿ ಹೇಗಿರುತ್ತಾಳೆ ಎಂದು ಒಬ್ಬ ಕೇಳಿದ. ನ್ಯಾಯವಾದ ಪ್ರಶ್ನೆಯೇ. ಮಗ ಮರಾಠಿಯಲ್ಲಿ ಯಾದವಾಡದ ಶಿಲ್ಪದ ಸಂಗತಿ ಹೇಳಿದ. ಮೂರನೇ ಮಹಡಿಯ ಹುಡುಗಿ, "ಹಾಗಾದರೆ ಮಹಾದರವಾಜಾದ ಹೊರಗಿರಲಿ" ಎಂದು ತೀರ್ಪು ಕೊಟ್ಟಳು. ಮಗ ಮುಖ ಸಣ್ಣದು ಮಾಡಿಕೊಂಡ. ನಾನು ಚಕ್ಕುಲಿ ಒತ್ತಲು ಮನೆಗೆ ಬಂದುಬಿಟ್ಟೆ.

ಸಂಜೆ ಪಣತಿ ಹಚ್ಚಲು ಕೆಳಗಿಳಿದಾಗ ಮಲ್ಲಮ್ಮ ದರವಾಜಾದ ಒಳಗಿದ್ದಳು. ಇಬ್ಬರು ಮಾವಳೆಗಳ ನಡುವೆ, ಹೊರಗೆ ಮುಖ ಮಾಡಿ ಕಾವಲು ನಿಂತಿದ್ದಳು. ಯಾರು ಇಟ್ಟರೆಂದು ಕೇಳಿದೆ. ಒಬ್ಬರೂ ಬಾಯಿಬಿಡಲಿಲ್ಲ.

ಹಬ್ಬ ಮುಗಿದ ಮೇಲೆ ಆ ಹುಡುಗಿ ಅವಳನ್ನು ಪೇಪರಿನಲ್ಲಿ ಸುತ್ತಿ ತಂದುಕೊಟ್ಟಳು. "ಕಾಕೂ, ಮುಂದಿನ ವರ್ಷ ಇವಳ ಹೆಂಗಸರ ಪಡೆಯೂ ಬೇಕು." ಡಬ್ಬಿಯಲ್ಲಿ ಉಳಿದಿದ್ದ ಮುರುಕು ಸೈನಿಕರನ್ನೆಲ್ಲ ಮಗ ಪುಣೆಗೆ ಒಯ್ದಿದ್ದಾನೆ.