ಹಳೆಯ ಸೈಕಲ್ಲಿಗೆ ಹೊಸ ಬ್ರೇಕು

ವಾಹನದ ಓಟವನ್ನು ಹೊಗಳುವವರು ಬಹುಮಂದಿ. ಅದು ನಿಲ್ಲುವುದನ್ನು ಹೊಗಳುವವರು ವಿರಳ. ನನ್ನ ಸೋದರಳಿಯನು ತನ್ನ ಹನ್ನೆರಡು ವರ್ಷದ ಬೆಟ್ಟದ ಸೈಕಲ್ಲಿಗಾಗಿ ಒಂದಿಷ್ಟು ಹಣ ಕೂಡಿಹಾಕಿದ್ದನು. ಅವನ ಮನಸ್ಸೆಲ್ಲ ಹೊಸ ಗೇರುಗಳ ಮೇಲಿದ್ದಿತು. ಆದರೆ ಅವನು ಭಾನುವಾರಗಳಲ್ಲಿ ಮುಳ್ಳಯ್ಯನಗಿರಿಯಿಂದ ಚಿಕ್ಕಮಗಳೂರಿಗೆ ಇಳಿದು ಬರತಕ್ಕವನು. ಬ್ರೇಕಿನ ಹಿಡಿಯಾದರೋ, ಅದುಮಿದರೆ ಮೆತ್ತಗೆ ಕುಸಿದು ಹ್ಯಾಂಡಲನ್ನೇ ಮುಟ್ಟುತ್ತಿದ್ದಿತು. ಅವನು ಮರಳುವವರೆಗೆ ನನ್ನ ತಂಗಿಯು ಒಲೆಯ ಮುಂದೆ ನಿಲ್ಲುವುದಕ್ಕಿಂತ ತಲೆಬಾಗಿಲಲ್ಲಿ ನಿಲ್ಲುವುದೇ ಹೆಚ್ಚು. ಆದುದರಿಂದ ಗೇರಿನ ಮಾತನ್ನು ಮುಂದಕ್ಕೆ ಹಾಕಿಸಿದೆನು.

ಇಳಿಜಾರಿನಲ್ಲಿ ಬ್ರೇಕು ಹೊರುವ ಭಾರವೆಷ್ಟೆಂಬುದನ್ನು ಲೆಕ್ಕ ಹಾಕಿ ಅವನಿಗೆ ತೋರಿಸಿದೆನು. ಸವಾರನೂ ಸೈಕಲ್ಲೂ ಕೂಡಿ 80 ಕಿಲೋಗ್ರಾಂ ಎನ್ನೋಣ. 800 ಮೀಟರಿನಷ್ಟು ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿಯು ಸುಮಾರು 6,27,000 ಜೂಲು. ಒಂದೂಮುಕ್ಕಾಲು ಲೀಟರು ತಣ್ಣೀರನ್ನು ಕುದಿಸಲು ಇಷ್ಟು ಸಾಕು. ಅದರಲ್ಲೊಂದು ಪಾಲನ್ನು ಎದುರುಗಾಳಿಯು ಕಿತ್ತುಕೊಂಡರೂ ಉಳಿದುದರ ಬಹುಭಾಗವು ತೆಳುವಾದ ಎರಡು ಉಕ್ಕಿನ ಡಿಸ್ಕುಗಳ ಪಾಲಿನದು.

ಪಂಡಿತರು ಇದನ್ನು ಗತಿರೋಧಕವೆಂದಾರು. ನನಗೂ ಆ ಚಪಲವುಂಟು. ಆದರೆ ಅಂಗಡಿಯವನಿಗೆ ತಿಳಿಯುವ ಮಾತು ಬ್ರೇಕೇ. ಹೈಡ್ರಾಲಿಕ್ ಬ್ರೇಕಿನಲ್ಲಿ ಎಳೆಯುವ ತಂತಿಯಿಲ್ಲ. ಹಿಡಿಯಲ್ಲೊಂದು ಸಣ್ಣ ಪಿಸ್ಟನ್ನು, ಚಕ್ರದ ಬಳಿಯ ಕ್ಯಾಲಿಪರಿನಲ್ಲಿ ದೊಡ್ಡ ಪಿಸ್ಟನ್ನುಗಳು, ನಡುವೆ ಎಣ್ಣೆ ತುಂಬಿದ ಕೊಳವೆ. ಮುಚ್ಚಿದ ದ್ರವದ ಒಂದೆಡೆಯ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುವುದೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲನು ಹೇಳಿದ ನಿಯಮವೇ ಇಲ್ಲಿ ದುಡಿಯುವುದು. ಎಣ್ಣೆ ಕುಗ್ಗದು, ಗಾಳಿ ಕುಗ್ಗುವುದು. ಕೊಳವೆಯೊಳಗೆ ಗಾಳಿಯ ಗುಳ್ಳೆಯೊಂದು ಸೇರಿದರೆ ಕೈಯ ಬಲವೆಲ್ಲ ಅದನ್ನು ಅದುಮುವುದರಲ್ಲಿಯೇ ವ್ಯಯವಾಗುವುದು. ನಮ್ಮ ಸೈಕಲ್ಲಿನಲ್ಲಿ ಗಾಳಿಯನ್ನು ಹೊರಗೆಡಹಿದರೂ ಫಲವಿಲ್ಲದಾಯಿತು. ಪಿಸ್ಟನ್ನಿನ ಸೀಲು ಸವೆದು ಎಣ್ಣೆ ಒಸರಿ ಪ್ಯಾಡುಗಳು ತೊಯ್ದಿದ್ದವು. ಹಳೆಯ ಮಾದರಿಯ ಸೀಲು ಎಲ್ಲಿಯೂ ದೊರೆಯಲಿಲ್ಲ. ಹೀಗೆ ಹೊಸ ಬ್ರೇಕು ಅನಿವಾರ್ಯವಾಯಿತು.

ಹುಡುಗನು ಎರಡು ಚಕ್ರಕ್ಕೂ 203 ಮಿಲಿಮೀಟರಿನ ದೊಡ್ಡ ಡಿಸ್ಕುಗಳೇ ಬೇಕೆಂದನು. ಕಾಶ್ಮೀರದ ಕ್ಷೇಮೇಂದ್ರನು 11ನೆಯ ಶತಮಾನದಲ್ಲಿ ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ವಾದಿಸಿದನು. ಆಭರಣವು ಎಷ್ಟೇ ಬೆಲೆಯದಾದರೂ ತನ್ನ ಸ್ಥಾನ ತಪ್ಪಿದರೆ ನಗೆಗೀಡೆಂಬುದು ಅವನ ಮತ. ಸೈಕಲ್ಲಿನಲ್ಲಿಯಾದರೆ ನಗೆಗೆ ನಿಲ್ಲದು, ಮೂಳೆ ಮುರಿದೀತು. ಡಿಸ್ಕು ದೊಡ್ಡದಾದಷ್ಟೂ ಮುಂದಿನ ಫೋರ್ಕಿನ ಮೇಲೆ ಬೀಳುವ ತಿರುಚುಬಲ ಹೆಚ್ಚು. ಪ್ರತಿ ಫೋರ್ಕಿಗೂ ತಯಾರಕರು ಒಂದು ಮಿತಿಯನ್ನು ವಿಧಿಸಿರುವರು. ನಮ್ಮದರ ಮಿತಿ 180. ಮೊದಲಿದ್ದುದು 160; ಅಷ್ಟೇ ಹಿಡಿತಕ್ಕೆ ನಿಲ್ಲಿಸುವ ಬಲವು ಸುಮಾರು ಎಂಟನೆಯ ಒಂದು ಪಾಲು ಹೆಚ್ಚಿತು. ಬ್ರೇಕು ಹಿಡಿದಾಗ ಭಾರವು ಮುಂದಕ್ಕೆ ವಾಲುವುದರಿಂದ ಮುಂಚಕ್ರಕ್ಕೆ 180, ಹಿಂದಕ್ಕೆ 160 ಎಂದು ತೀರ್ಮಾನಿಸಿದೆವು. ಹಬ್ಬಿನಲ್ಲಿ ಡಿಸ್ಕು ಆರು ಬೋಲ್ಟುಗಳಿಂದ ನಿಲ್ಲುವುದೋ ನಡುವಿನ ಹಲ್ಲುಗಳಿಂದಲೋ ಎಂಬುದನ್ನು ಮೊದಲೇ ನೋಡಿಕೊಳ್ಳತಕ್ಕದ್ದು. ಹಿಂದಿನ ಚೌಕಟ್ಟಿನ ರಂಧ್ರಗಳು ಹಳೆಯ ಪದ್ಧತಿಯವಾದುದರಿಂದ ಹೊಸ ಕ್ಯಾಲಿಪರಿಗೆ ಅಡಾಪ್ಟರು ಬೇಕಾಯಿತು.

ಎಣ್ಣೆಯ ವಿಷಯದಲ್ಲಿ ವಾಚಕರು ವಿಶೇಷ ಎಚ್ಚರದಿಂದಿರಬೇಕು. ಶಿಮಾನೋ, ಮಗುರಾ ಬ್ರೇಕುಗಳಿಗೆ ಖನಿಜತೈಲ. ಹೋಪ್ ಬ್ರೇಕುಗಳಿಗೆ ಡಾಟ್ ಎಂಬ ದ್ರವ. ಒಂದರ ಸ್ಥಾನದಲ್ಲಿ ಇನ್ನೊಂದನ್ನು ಸುರಿದರೆ ಸೀಲುಗಳು ಕೆಡುವುವು. ಡಾಟ್ ದ್ರವಗಳಲ್ಲಿಯೂ ನಾಮಸಾಮ್ಯದ ಮೋಸವುಂಟು: 5.1 ಎಂಬುದು ಗ್ಲೈಕಾಲಿನ ಕುಲದ್ದು, ಬರಿಯ 5 ಸಿಲಿಕೋನಿನದು. ಗ್ಲೈಕಾಲಿನ ಡಾಟ್ ದ್ರವವು ಗಾಳಿಯ ತೇವವನ್ನು ಹೀರುವುದು. ಹೊಸ ಡಾಟ್ 4 ದ್ರವದ ಕುದಿಬಿಂದುವು 230 ಡಿಗ್ರಿ ಸೆಲ್ಸಿಯಸ್ಸಿಗೆ ಕಡಮೆಯಿರಬಾರದು. ತೇವ ಸೇರಿದ ಮೇಲೆ ವಿಧಿಸಿರುವ ಕನಿಷ್ಠ ಮಿತಿ 155 ಮಾತ್ರ. ಮಲೆನಾಡಿನ ಮಳೆಗಾಲವನ್ನು ನೆನೆದು ನಾವು ಖನಿಜತೈಲದ ಬ್ರೇಕನ್ನೇ ಆರಿಸಿದೆವು.

ಪೆಟ್ಟಿಗೆಯಲ್ಲಿ ಬಂದ ಜೋಡಿಯಲ್ಲಿ ಮುಂಚಕ್ರದ ಕೊಳವೆಯು ಎಡಗೈಯ ಹಿಡಿಗೆ ಸೇರಿದ್ದಿತು. ಅದು ಅಮೇರಿಕೆಯ ವಾಡಿಕೆ. ನಮ್ಮ ಹುಡುಗನ ಬಲಗೈಗೆ ಮುಂಬ್ರೇಕು ರೂಢಿ. ಗಾಬರಿಯಾದಾಗ ಕೈಯು ಬುದ್ಧಿಯನ್ನು ಕೇಳಿ ಕೆಲಸ ಮಾಡುವುದಿಲ್ಲ. ಆದುದರಿಂದ ಕೊಳವೆಗಳನ್ನು ಅದಲುಬದಲು ಮಾಡಿ, ಮತ್ತೆ ಎಣ್ಣೆ ತುಂಬಿ, ಗುಳ್ಳೆಗಳನ್ನು ಹೊರಗೆಡಹಿಸಬೇಕಾಯಿತು. ಅಂಗಡಿಯ ಹುಡುಗನು ಎರಡು ಗಂಟೆ ದುಡಿದನು. ಕೇಳಿದ ಕೂಲಿಗೆ ನಾನು ಚೌಕಾಸಿ ಮಾಡಲಿಲ್ಲ.

ಹೊಸ ಪ್ಯಾಡುಗಳು ಮೊದಲ ದಿನವೇ ಹಿಡಿಯವು. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗಿ, ಚಕ್ರ ಕಚ್ಚಿ ನಿಲ್ಲದಂತೆ ಮೆಲ್ಲನೆ ತಗ್ಗಿಸುತ್ತ ಇಪ್ಪತ್ತು ಸಲ ಅಭ್ಯಾಸ ಮಾಡಿಸಿದ ಬಳಿಕವೇ ಬೆಟ್ಟಕ್ಕೆ ಕಳುಹಿಸಿದೆನು. ಅಂದು ಅವನು ಮರಳಿದಾಗ ಡಿಸ್ಕು ಮುಟ್ಟಲಾಗದಷ್ಟು ಕಾದಿದ್ದಿತು; ಮಕ್ಕಳಿರುವ ಮನೆಯವರು ಇದನ್ನು ಗಮನಿಸಬೇಕು. ಹಿಡಿ ಮಾತ್ರ ಅರ್ಧದಲ್ಲಿಯೇ ಗಟ್ಟಿಯಾಗಿ ನಿಂತಿತು.

ಹಿಂದಿನ ಬ್ರೇಕು ಕೆಲವು ದಿನ ಕಿರುಚಿತು. ನನ್ನ ತಂಗಿಯು ಕನಿಕರದಿಂದ ಹೊಲಿಗೆಯಂತ್ರದ ಎಣ್ಣೆಯ ಬುಡ್ಡಿಯನ್ನು ತಂದಳು. ಒಂದು ತೊಟ್ಟು ತಗುಲಿದರೂ ಪ್ಯಾಡು ಹಾಳು, ಬ್ರೇಕು ಜಾರುವುದೆಂದು ಅವಳಿಗೆ ತಿಳಿಸಿದೆವು. ಕ್ಯಾಲಿಪರನ್ನು ಸಡಿಲಿಸಿ, ಹಿಡಿಯನ್ನು ಅದುಮಿಟ್ಟುಕೊಂಡು ಮತ್ತೆ ಬಿಗಿದ ಮೇಲೆ ಸದ್ದು ಅಡಗಿತು. ಬುಡ್ಡಿಯನ್ನು ಅವಳು ಬೀರುವಿನ ಮೇಲ್ಗಡೆಯ ಖಾನೆಯಲ್ಲಿ, ಯಾರ ಕೈಗೂ ಎಟುಕದಂತೆ ಇಟ್ಟಿದ್ದಾಳೆ.