ಹೂಂಗುಟ್ಟುವ ಹೆಲ್ಮೆಟ್ಟು

ಗಾಡಿ ಓಡಿಸುತ್ತಾ ಮಾತಾಡೋದಕ್ಕೆ ಒಂದು ಯಂತ್ರ ಬೇಕೇನ್ರಪ್ಪಾ ಅಂತ ನಮ್ಮ ಕಂದಿಕೆರೆ ಕಡೆಯವರನ್ನು ಕೇಳಿ ನೋಡಿ, ನಕ್ಕುಬಿಡುತ್ತಾರೆ. ಚಿಕ್ಕನಾಯಕನಹಳ್ಳಿ ರಸ್ತೆಯಲ್ಲಿ ಯಾವತ್ತು ಬೆಳಿಗ್ಗೆ ನಿಂತರೂ ಸರಿ, ಎರಡು ಟಿವಿಎಸ್ ಎಕ್ಸೆಲ್‌ಗಳು ಅಕ್ಕಪಕ್ಕ, ಹ್ಯಾಂಡಲ್ಲಿಗೆ ಹ್ಯಾಂಡಲ್ಲು ತಗುಲೀತೇನೋ ಅನ್ನುವಷ್ಟು ಹತ್ತಿರದಲ್ಲಿ, ನಡೆದು ಹೋಗುವವನಿಗೂ ಬೇಜಾರಾಗುವ ನಿಧಾನದಲ್ಲಿ ಸಾಗುತ್ತಿರುತ್ತವೆ. ಒಬ್ಬರ ಕಾಲ ಬಳಿ ತೆಂಗಿನಕಾಯಿ ಚೀಲ, ಇನ್ನೊಬ್ಬರ ಕಾಲ ಬಳಿ ಹಾಲಿನ ಕ್ಯಾನು. ಮಾತು ತಿಪಟೂರಿನ ಕೊಬ್ಬರಿ ರೇಟಿನಲ್ಲಿ ಹುಟ್ಟಿ, ಕೈಕೊಟ್ಟ ಬೋರಿಗೆ ಇಳಿದು, ಯಾರದೋ ಮದುವೆಯಲ್ಲಿ ಕೊನೇ ಪಂಕ್ತಿಗೆ ಹೋಳಿಗೆ ಸಾಲದೆ ಬಂದದ್ದರವರೆಗೆ ಹೋಗುತ್ತದೆ. ಹಿಂದಿನಿಂದ ಬಸ್ಸಿನವನು ಹಾರನ್ ಹೊಡೆದರೆ ಇಬ್ಬರೂ ಒಟ್ಟಿಗೇ ತಿರುಗುತ್ತಾರೆ. ದಾರಿ ಬಿಡೋದಕ್ಕಲ್ಲ, ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಿದ್ದು ಯಾರು ಅಂತ ನೋಡೋದಕ್ಕೆ.

ಇಂಥ ಊರಿಗೆ ನನ್ನ ಭಾವಮೈದ ಬೆಂಗಳೂರಿನಿಂದ ಒಂದು ಜೊತೆ ಹೆಲ್ಮೆಟ್ ಇಂಟರ್‌ಕಾಮ್ ಹಿಡಿದುಕೊಂಡು ಬಂದ. ದಾರಿಯ ಕೆ.ಬಿ. ಕ್ರಾಸಿನಲ್ಲಿ ಚಹಾಕ್ಕೆ ನಿಂತಾಗಲೂ ಹೆಲ್ಮೆಟ್ಟು ತೆಗೆಯದೆ ಯಾರ ಜೊತೆಗೋ ಮಾತಾಡುತ್ತಿದ್ದನಂತೆ. ಹೋಟೆಲಿನವರು ಅಯ್ಯೋ ಪಾಪ ಅಂತ ಸಕ್ಕರೆ ಒಂದು ಚಮಚ ಜಾಸ್ತಿ ಹಾಕಿಕೊಟ್ಟರು ಅನ್ನುವುದು ಅವನೇ ಹೇಳಿದ ಮಾತು.

ಸಾಮಾನು ನೋಡಿದರೆ ಹೆಚ್ಚೇನಿಲ್ಲ. ಹೆಲ್ಮೆಟ್ಟಿನ ಎಡಕ್ಕೆ ಅಂಟಿಕೊಂಡ ಸಣ್ಣದೊಂದು ಡಬ್ಬಿ, ಕಿವಿಯ ಜಾಗದ ಸ್ಪಂಜಿನೊಳಗೆ ಬಿಲ್ಲೆಯಂಥ ಎರಡು ಸ್ಪೀಕರು, ಬಾಯಿಯ ಹತ್ತಿರ ಒಂದು ಮೈಕು. ಅಂಗಳದಲ್ಲಿ ಕಾಯಿ ಸುಲಿಸುತ್ತಿದ್ದ ಚಿಕ್ಕಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೊದಲು ಕೇಳಬೇಕಾದದ್ದನ್ನೇ ಕೇಳಿದರು: "ಎಷ್ಟು ಬಿತ್ತಪ್ಪಾ ಇದಕ್ಕೆ?" ಭಾವಮೈದ ಹೇಳಿದ. ಚಿಕ್ಕಪ್ಪ ಕಣ್ಣು ಮುಚ್ಚಿ ಲೆಕ್ಕ ಹಾಕಿದರು. ಅವರ ಲೆಕ್ಕವೆಲ್ಲ ಕೊಬ್ಬರಿಯಲ್ಲೇ. ರೂಪಾಯಿಯನ್ನು ಅವರು ಪೂರ್ತಿ ನಂಬಿದವರಲ್ಲ. 2024ರಲ್ಲಿ ಕೇಂದ್ರದವರು ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಇಟ್ಟಿದ್ದರಲ್ಲ, ಆ ದರವೇ ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. "ಅಂದ್ರೆ ಕಿವಿಗೆ ಒಂದು ಕ್ವಿಂಟಲ್" ಅಂದರು.

ಉಂಡೆ ಕೊಬ್ಬರಿ ಅಂದ ಮೇಲೆ ಇದನ್ನೂ ಹೇಳಿಬಿಡಬೇಕು, ಹೊರಗಿನವರಿಗೆ ಗೊತ್ತಿರುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ಅಂತ ಕಾಯಿ ಒಡೆದು ನೋಡುವ ದಡ್ಡರು ನಮ್ಮಲ್ಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರಿದ್ದರೆ ಒಂದು ಸದ್ದು, ಒಣಗಿ ಗಿಟಕಾಗಿದ್ದರೆ ಲೊಟಲೊಟ ಅಂತ ಬೇರೆಯೇ ಸದ್ದು. ಚಿಕ್ಕಪ್ಪನ ಕಿವಿ ಇದರಲ್ಲಿ ಪಳಗಿದ್ದು. ಅವರು ಹೆಲ್ಮೆಟ್ಟನ್ನೂ ಹಾಗೇ ಕಿವಿಗೆ ಹಿಡಿದು ಎರಡು ಸಲ ಅಲ್ಲಾಡಿಸಿದರು. ಏನೂ ಸದ್ದು ಬರಲಿಲ್ಲ. "ಇನ್ನೂ ಹಸಿ" ಅಂದು ವಾಪಸು ಕೊಟ್ಟರು.

ಒಂದು ಕಾಲಕ್ಕೆ ಅವರ ಹತ್ತಿರ ಯೆಜ್ಡಿ ಇತ್ತು, ಮೈಸೂರಿನ ಐಡಿಯಲ್ ಜಾವಾದ್ದು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಚಿಕ್ಕಪ್ಪನ ಗಾಡಿ ಅದಾದ ಮೇಲೂ ಎಷ್ಟೋ ವರ್ಷ ಊರನ್ನು ನಿದ್ದೆಯಿಂದ ಎಬ್ಬಿಸುತ್ತಿತ್ತು. ಸಿಲಿಂಡರು ಒಂದು, ಸೈಲೆನ್ಸರು ಎರಡು. ಎರಡಿದ್ದೂ ಏನು ಬಂತು? ಅದರ ಮೇಲೆ ಕೂತು ಮಾತಾಡುವುದು ಆಗದ ಕೆಲಸ ಅಂತ ಚಿಕ್ಕಮ್ಮ ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಬೆನ್ನಿಗೆ ಒಂದು ತಟ್ಟಿದರೆ ನಿಲ್ಲಿಸಿ, ಪಕ್ಕೆಗೆ ತಿವಿದರೆ ನಿಧಾನ, ಭುಜ ಹಿಂಡಿದರೆ ಸಂತೆಯಲ್ಲಿ ಏನೋ ಮರೆತು ಬಂದಿದೆ. ಹುಳಿಯಾರಿನಿಂದ ಮನೆವರೆಗೆ ಒಂದೇ ಒಂದು ಮಾತಿಲ್ಲದೆ ಸಂಸಾರ ನಡೆದುಹೋಗುತ್ತಿತ್ತು. ಈಗಿನ ಯಂತ್ರಗಳಲ್ಲಿ ತಿವಿಯುವ ಬಟನ್ ಇದೆಯೇ?

ನಮ್ಮ ತಲೆಮಾರಿಗೆ ಹಿಂದಿನ ಸೀಟಿನ ಮಾತು ಇತ್ತು, ಅದಕ್ಕೆ ಕಲ್ಲು ಬಿದ್ದದ್ದು 2016ರ ಜನವರಿಯಲ್ಲಿ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಅಂತ ಸರ್ಕಾರ ಹೇಳಿತು. ತಲೆಯ ಮಟ್ಟಿಗೆ ಒಳ್ಳೆಯದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಮಾತಿನ ಮಟ್ಟಿಗೆ ಹೇಳುತ್ತಿದ್ದೇನೆ. ಮೊದಲಾದರೆ ಗಲ್ಲ ಭುಜದ ಹತ್ತಿರ ತಂದು ನಾಲ್ಕು ಮಾತು ಹೇಳಬಹುದಿತ್ತು. ಈಗ ಬ್ರೇಕ್ ಹಾಕಿದಾಗೆಲ್ಲ ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಟಕ್ ಅಂತ ಬಡಿದು, "ಸಾರಿ ಕಣ್ರೀ" ಅನ್ನುವುದೂ ಗಾಳಿಗೆ ಹೋಗುತ್ತದೆ. ವೇಗ ಏರಿದಂತೆ ಇಂಜಿನ್ನಿಗಿಂತ ಗಾಳಿಯ ಸದ್ದೇ ಮೇಲಾಗುತ್ತದೆ, ಅದೂ ಹೆಲ್ಮೆಟ್ಟಿನ ಅಂಚಿನಲ್ಲಿ ಸುತ್ತಿ ಸುತ್ತಿ. ಹಾಗಾಗಿ ಹಿಂದಿನಿಂದ ಏನೇ ಬರಲಿ, ನಾನು "ಹೂಂ" ಅನ್ನುವುದು ರೂಢಿ. ಈ ಹೂಂಗೆ ಸಾವಿರ ಅರ್ಥ. ಕೇಳಿಸಿತು, ಕೇಳಿಸಲಿಲ್ಲ, ಆಗಲಿ, ಮನೆಗೆ ಹೋಗಿ ನೋಡೋಣ. ಗಂಡಂದಿರು ಇದರ ನೆರಳಲ್ಲಿ ಎಷ್ಟು ವರ್ಷ ತಣ್ಣಗಿದ್ದರು!

ಭಾವಮೈದನ ಯಂತ್ರ ಅದಕ್ಕೇ ಕೈ ಹಾಕಿತು. "ಭಾವ, ಒಂದು ರೌಂಡು ಅಕ್ಕನ್ನ ಕೂರಿಸ್ಕೊಂಡು ಹೋಗ್ಬನ್ನಿ" ಅಂದ. ಹೋದೆವು. ಇಷ್ಟು ವರ್ಷ ಅವಳು ಹೇಳುತ್ತಿದ್ದುದು ಇಷ್ಟೊಂದಾ ಅಂತ ನನಗೆ ಆಗಲೇ ತಿಳಿದದ್ದು. ಒಂದಕ್ಷರ ಬಿಡದೆ ಎರಡೂ ಕಿವಿಗೆ ಬೀಳುತ್ತಿತ್ತು. ಇನ್ನೊಂದು ತಮಾಷೆ ಕೇಳಿ. ಕೆಲವು ಯಂತ್ರಗಳಲ್ಲಿ ದನಿ ಬಿದ್ದರೆ ಮಾತ್ರ ಮೈಕು ತೆರೆದುಕೊಳ್ಳುವ ಏರ್ಪಾಡಿದೆ. ಗಟ್ಟಿ ದನಿಗೆ ಎಚ್ಚರಾಗುತ್ತದೆ, ಮೊದಲ ಅಕ್ಷರ ನುಂಗಿ ಉಳಿದದ್ದನ್ನು ಕಳಿಸುತ್ತದೆ. ಬಾಯಿ ಮುಚ್ಚಿಕೊಂಡು ಅನ್ನುವ "ಹೂಂ" ಅದಕ್ಕೆ ಲೆಕ್ಕಕ್ಕೇ ಇಲ್ಲ. ನಾನು ಪ್ರಾಮಾಣಿಕವಾಗಿ ಹೂಂಗುಟ್ಟುತ್ತಲೇ ಇದ್ದೇನೆ, ಅವಳು "ರೀ, ಕೇಳ್ತಿದೀರಾ? ರೀ!" ಅನ್ನುತ್ತಲೇ ಇದ್ದಾಳೆ. ಈ ಯಂತ್ರ ಮಾಡಿದವರಲ್ಲಿ ಮದುವೆಯಾದವರು ಯಾರೂ ಇರಲಿಲ್ಲವೇ?

ಮಾಡಿದವರು ಅಂದಾಗ ನೆನಪಾಯಿತು. ಬೆಂಗಳೂರಿನಲ್ಲೇ ಬ್ಲೂಆರ್ಮರ್ ಅಂತ ಒಂದು ಕಂಪನಿ ಇದೆ. ಅವರು ಮೊದಲು ಹೆಲ್ಮೆಟ್ಟಿನೊಳಕ್ಕೆ ತಣ್ಣನೆ ಗಾಳಿ ಊದುವ ಕೂಲರು ಮಾಡಿದರು, ಆಮೇಲೆ ಇಂಟರ್‌ಕಾಮಿಗೆ ಇಳಿದರು. ಮೊದಲು ತಲೆ ತಂಪು ಮಾಡಿ, ಆಮೇಲೆ ಮಾತು. ಕ್ರಮ ಸರಿಯಾಗಿಯೇ ಇದೆ.

ಈ ಯಂತ್ರಗಳ ಬ್ಲೂಟೂತ್ ಮಾತು ಗಾಳಿಯಲ್ಲಿ ನೆಟ್ಟಗೆ ಹೋಗುವುದಿಲ್ಲವಂತೆ. 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1,600 ಸಲ ಜಿಗಿಯುತ್ತಾ ಹೋಗುತ್ತದೆ. ಹೀಗೆ ಜಿಗಿಸುವ ಉಪಾಯಕ್ಕೆ 1942ರಲ್ಲೇ ಪೇಟೆಂಟ್ ಪಡೆದವರಲ್ಲಿ ಹೆಡಿ ಲಾಮಾರ್ ಅನ್ನುವ ಹಾಲಿವುಡ್ ನಟಿಯೂ ಒಬ್ಬಳು, ಜೊತೆಗೆ ಜಾರ್ಜ್ ಆಂಥೈಲ್ ಅನ್ನುವ ಸಂಗೀತಗಾರ. ಶತ್ರುವಿನ ಹಡಗಿಗೆ ಬಿಡುವ ಟಾರ್ಪಿಡೋಗೆ ಕೊಡುವ ಸಂಕೇತವನ್ನು ಯಾರೂ ತಡೆಯಬಾರದು ಅಂತ ಹೂಡಿದ ಆಟ ಅದು. ಪಿಯಾನೋದ ಮನೆಗಳು 88, ಅವರು ಇಟ್ಟುಕೊಂಡ ತರಂಗಗಳೂ 88. ಚಿಕ್ಕಪ್ಪನಿಗೆ ಇದನ್ನೆಲ್ಲ ವಿವರಿಸಿದರೆ, "ಸಿನಿಮಾದೋಳು ಅಂದ್ಯಲ್ಲ, ಯಾವ ಪಿಚ್ಚರ್ರು?" ಅಂತ ಅಲ್ಲಿಗೇ ನಿಂತರು.

ಎಷ್ಟು ಜಿಗಿದರೇನು, ನಮ್ಮ ತೋಟದ ಮುಂದೆ ಆ ಮಾತಿನ ಆಟ ನಡೆಯುವುದಿಲ್ಲ. ಡಬ್ಬದ ಮೇಲೆ ಕಿಲೋಮೀಟರುಗಟ್ಟಲೆ ಕೇಳುತ್ತದೆ ಅಂತ ಅಚ್ಚು ಹಾಕಿರುತ್ತಾರೆ. ಅದು ಬಟಾ ಬಯಲಿನ ಲೆಕ್ಕ. ಈ ತರಂಗಕ್ಕೆ ನೀರು ಕಂಡರೆ ಆಗುವುದಿಲ್ಲ. ಗರಿ, ಬೊಡ್ಡೆ, ಎಳನೀರು, ಎಲ್ಲೆಲ್ಲೂ ನೀರೇ ತುಂಬಿದ ತೆಂಗಿನ ಸಾಲುಗಳ ಮಧ್ಯೆ ಮುಂದಿನವನೊಬ್ಬ ಹೊಕ್ಕುಬಿಟ್ಟರೆ ಹಿಂದಿನವನಿಗೆ ಬರೀ ಕರಕರ. ನಮ್ಮ ತಾಲ್ಲೂಕಿನ ಮದಲಿಂಗನ ಕಣಿವೆಯ ಕಡೆ ಹೋದರೆ ಗುಡ್ಡ ಅಡ್ಡ ಬಂದು ಅದೂ ಇಲ್ಲ.

ಇದಕ್ಕೂ ಮೆಶ್ ಅಂತ ಒಂದು ಉಪಾಯ ಬಂದಿದೆ. ಗುಂಪಿನಲ್ಲಿ ಹೋಗುವಾಗ ಒಬ್ಬೊಬ್ಬರ ಯಂತ್ರವೂ ಮುಂದಿನವನಿಂದ ಕೇಳಿದ್ದನ್ನು ಹಿಂದಿನವನಿಗೆ ದಾಟಿಸುತ್ತದೆ, ನಡುವೆ ಒಬ್ಬ ತಪ್ಪಿಸಿಕೊಂಡರೆ ಇನ್ನೊಬ್ಬನ ಮೂಲಕ ದಾರಿ ಹುಡುಕಿಕೊಳ್ಳುತ್ತದೆ. ಹಳ್ಳಿಯ ಸುದ್ದಿ ಬಾವಿಕಟ್ಟೆಯಿಂದ ಡೇರಿಗೆ, ಡೇರಿಯಿಂದ ಕ್ಷೌರದಂಗಡಿಗೆ ಹೋದ ಹಾಗೆ. ಒಂದೇ ವ್ಯತ್ಯಾಸ, ಯಂತ್ರ ತನ್ನದೇನನ್ನೂ ಸೇರಿಸುವುದಿಲ್ಲ. ಅಷ್ಟರ ಮಟ್ಟಿಗೆ ಅದು ಸಪ್ಪೆ.

ನನಗಿರುವ ಅಳುಕು ಬೇರೆ. ಫೋನಿಗೆ ಸಿಕ್ಕಿಸಿದರೆ ಲೋಕದ ನಂಟರೆಲ್ಲ ಹೆಲ್ಮೆಟ್ಟಿನೊಳಗೆ ಬಂದು ಕೂರುತ್ತಾರೆ. "ನಂಟರು" ಅಂತಲೇ ಪ್ರಬಂಧ ಸಂಕಲನ ಕೊಟ್ಟ ತೀ.ನಂ.ಶ್ರೀಕಂಠಯ್ಯನವರು ನಮ್ಮ ತಾಲ್ಲೂಕಿನ ತೀರ್ಥಪುರದವರೇ. ಅವರ ಕಾಲದ ನಂಟರು ಬಸ್ಸಿಳಿದು, ಚಪ್ಪಲಿ ಬಿಟ್ಟು, ಕಾಲು ತೊಳೆದು ಒಳಗೆ ಬರಬೇಕಿತ್ತು. ಅಷ್ಟರಲ್ಲಿ ಮನೆಯವರು ಉಸಿರೆಳೆದುಕೊಳ್ಳಬಹುದಿತ್ತು. ಈಗಿನವರು ಗಂಟೆಗೆ ಅರವತ್ತರ ವೇಗದಲ್ಲಿ, ಎದುರಿಗೆ ಲಾರಿ ಬರುವಾಗ, "ಏನಪ್ಪಾ, ಮರೆತೇಬಿಟ್ಯಾ?" ಅನ್ನುತ್ತಾರೆ. ಮೋಟಾರು ವಾಹನ ಕಾಯಿದೆಯ 184ನೇ ಕಲಮಿಗೆ 2019ರಲ್ಲಿ ಸೇರಿಸಿದ್ದು ಕೈಯಲ್ಲಿ ಹಿಡಿದ ಫೋನಿನ ಮಾತು. ಕೈ ಖಾಲಿಯಿದ್ದರೆ ಆಯಿತೇ, ತಲೆ ಖಾಲಿ ಇರಬೇಡವೇ? ದಾರಿ ಹೇಳುವುದಕ್ಕೆ, "ಗುಂಡಿ ಇದೆ, ಹುಷಾರು" ಅನ್ನುವುದಕ್ಕೆ ಇರಲಿ. ಆಸ್ತಿ ಪಾಲಿನ ಮಾತಿಗೆ ಗಾಡಿ ನಿಲ್ಲಿಸುವುದೇ ವಾಸಿ.

ಚಿಕ್ಕಪ್ಪ ಮಾತ್ರ ಸಂಜೆಯವರೆಗೂ ಯಂತ್ರದ ಗುಂಗಿನಲ್ಲೇ ಇದ್ದರು. ಕೊನೆಗೆ ಅವರಿಗೆ ಅದರ ನಿಜವಾದ ಉಪಯೋಗ ಹೊಳೆಯಿತು. ಕಾಯಿ ಕೀಳುವವನು ಮರದ ತುದಿಯಲ್ಲಿರುತ್ತಾನೆ, ಇವರು ಕೆಳಗೆ ಕತ್ತೆತ್ತಿ "ಆ ಗೊನೆ ಬಿಡೋ, ಇನ್ನೂ ಬಲ್ತಿಲ್ಲ" ಅಂತ ಕೂಗಿ ಗಂಟಲು ಹರಿದುಕೊಳ್ಳಬೇಕು. ಅವನಿಗೊಂದು, ತಮಗೊಂದು ಇದ್ದರೆ? ಮಾರನೇ ದಿನ ಅವನು ಬಂದಾಗ ಕೇಳಿಯೇಬಿಟ್ಟರು. ಅವನು ಹೆಲ್ಮೆಟ್ಟನ್ನು ತಲೆಗಿಟ್ಟು, ತೆಗೆದು, ಸ್ವಲ್ಪ ಹೊತ್ತು ಯೋಚಿಸಿದ.

"ಹಾಕ್ಕೋತೀನಿ ಗೌಡ್ರೇ. ಬರೀ ಕೇಳಿಸ್ಕೊಳ್ಳೋದಾದ್ರೆ ಮರಕ್ಕೆ ಐದು ರೂಪಾಯಿ ಜಾಸ್ತಿ. ಹೂಂಗುಟ್ಟಬೇಕು ಅಂದ್ರೆ ಹತ್ತು."

ಚಿಕ್ಕಪ್ಪ ಇನ್ನೂ ಚೌಕಾಸಿ ಮಾಡುತ್ತಿದ್ದಾರೆ.