ರಾಚೆಸ್ಟರ್: ಕೊಡಾಕ್, ಜೆರಾಕ್ಸ್‌ಗಳ ತವರೂರು

ಕಾಲೇಜಿಗೆ ಅರ್ಜಿ ಹಾಕುವ ದಿನಗಳು ಬಂದವೆಂದರೆ ಅಂಕಪಟ್ಟಿ, ಟಿ.ಸಿ. ಎಲ್ಲವನ್ನೂ ‘ಎರಡೆರಡು ಜೆರಾಕ್ಸ್ ಮಾಡಿಸಿಟ್ಟುಕೋ’ ಎಂದು ಮನೆಯಲ್ಲಿ ಹಿರಿಯರು ಎಚ್ಚರಿಸುವುದುಂಟು. ಯಂತ್ರ ಯಾವ ಕಂಪೆನಿಯದಾದರೇನು, ನಮಗದು ಜೆರಾಕ್ಸೇ. ಹಾಗೆಯೇ ಒಂದು ಕಾಲದಲ್ಲಿ ನಮ್ಮ ಸಿನಿಮಾ ಪೋಸ್ಟರುಗಳ ಮೇಲೆ ‘ಈಸ್ಟ್‌ಮನ್ ಕಲರ್’ ಎಂಬ ಅಕ್ಷರಗಳು ಮಿರುಗುತ್ತಿದ್ದವು. ಈ ಎರಡೂ ಹೆಸರುಗಳು ಒಂದೇ ಊರಿನಿಂದ ಬಂದವು ಎಂಬುದು ಅನೇಕರಿಗೆ ತಿಳಿದಿರಲಾರದು. ಆ ಊರೇ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್.

ನಯಾಗರಾ ನೋಡಲು ಹೋಗುವ ನಮ್ಮವರು ಸಾಮಾನ್ಯವಾಗಿ ಬಫಲೋದಿಂದಲೇ ಹಿಂದಿರುಗುತ್ತಾರೆ. ಅಲ್ಲಿಂದ ಪೂರ್ವಕ್ಕೆ ಸುಮಾರು 120 ಕಿ.ಮೀ. ಸಾಗಿದರೆ ರಾಚೆಸ್ಟರ್. ಇಲ್ಲಿಯೂ ಒಂದು ಜಲಪಾತವಿದೆ, ಅದೂ ನಡು ಊರಿನಲ್ಲಿ! ಉತ್ತರಾಭಿಮುಖವಾಗಿ ಹರಿಯುವ ಜೆನೆಸೀ ನದಿ 96 ಅಡಿ ಆಳಕ್ಕೆ ಧುಮುಕುತ್ತದೆ. ಎದುರಿನ ಕಾಲುಸೇತುವೆಯ ಮೇಲೆ ನಿಂತರೆ ಕೆಳಗೆ ನೊರೆ, ಆಚೆ ದಡದಲ್ಲಿ ಹಳೆಯ ಬಿಯರ್ ಕಾರ್ಖಾನೆ, ಹಿಂದೆ ಕೊಡಾಕ್ ಕಂಪೆನಿಯ 19 ಅಂತಸ್ತಿನ ಗೋಪುರ. ಊರಿನ ಚರಿತ್ರೆಯೆಲ್ಲ ಒಂದೇ ನೋಟದಲ್ಲಿ ಸಿಕ್ಕಿಬಿಡುತ್ತದೆ.

ಮೊದಲು ಈ ನೀರಿನ ಬಲದಿಂದ ಹಿಟ್ಟಿನ ಗಿರಣಿಗಳು ತಿರುಗಿದವು. 1825ರಲ್ಲಿ ಈರಿ ಕಾಲುವೆ ಪೂರ್ಣಗೊಂಡ ಮೇಲೆ ಇಲ್ಲಿನ ಗೋಧಿಹಿಟ್ಟು ದೋಣಿಯೇರಿ ನ್ಯೂಯಾರ್ಕ್ ತಲುಪಿತು. ಊರಿಗೆ ‘ಹಿಟ್ಟಿನ ನಗರ’ ಎಂಬ ಬಿರುದು ಬಂತು. ಮುಂದೆ ಗೋಧಿ ಬೆಳೆ ಪಶ್ಚಿಮಕ್ಕೆ ಸರಿದಾಗ ಹೂಗಿಡಗಳ ನರ್ಸರಿಗಳು ತಲೆಯೆತ್ತಿದವು. ಇಂಗ್ಲಿಷಿನಲ್ಲಿ ಹಿಟ್ಟಿಗೂ ಹೂವಿಗೂ ಉಚ್ಚಾರ ಒಂದೇ ಆದ್ದರಿಂದ ಜನ ಬಿರುದನ್ನು ಬದಲಿಸುವ ತೊಂದರೆಯನ್ನೇ ತೆಗೆದುಕೊಳ್ಳಲಿಲ್ಲ, ಕಾಗುಣಿತ ಮಾತ್ರ ತಿದ್ದಿಕೊಂಡರು!

ಆದರೆ ಊರಿಗೆ ಹೆಸರು ತಂದದ್ದು ಹಿಟ್ಟೂ ಅಲ್ಲ, ಹೂವೂ ಅಲ್ಲ, ಬೆಳಕು. 1853ರಲ್ಲಿ ಜರ್ಮನಿಯಿಂದ ಬಂದಿದ್ದ ಜಾನ್ ಜೇಕಬ್ ಬಾಶ್ ಎಂಬಾತ ಕನ್ನಡಕದ ಅಂಗಡಿ ತೆರೆದ. ಅದಕ್ಕೆ 60 ಡಾಲರ್ ಸಾಲ ಕೊಟ್ಟ ಗೆಳೆಯ ಹೆನ್ರಿ ಲೋಂಬ್ ಪಾಲುದಾರನಾದ. ಇದೇ ಇಂದಿನ ಕಾಂಟ್ಯಾಕ್ಟ್ ಲೆನ್ಸ್‌ಗಳ ಪ್ರಸಿದ್ಧ ಕಂಪೆನಿ ‘ಬಾಶ್ ಅಂಡ್ ಲೋಂಬ್’ನ ಮೂಲ.

ಬ್ಯಾಂಕಿನ ಗುಮಾಸ್ತ ಜಾರ್ಜ್ ಈಸ್ಟ್‌ಮನ್‌ನ ಕಥೆ ಇನ್ನೂ ಸ್ವಾರಸ್ಯಕರ. ಬಡತನದಿಂದ ಹದಿಹರೆಯದಲ್ಲೇ ಶಾಲೆ ಬಿಟ್ಟವನು, ಹಗಲು ಬ್ಯಾಂಕು, ರಾತ್ರಿ ತಾಯಿಯ ಅಡುಗೆಮನೆಯಲ್ಲಿ ರಾಸಾಯನಿಕ ಪ್ರಯೋಗ ಎಂದು ದುಡಿದ. 1888ರಲ್ಲಿ 100 ಚಿತ್ರಗಳ ಸುರುಳಿ ತುಂಬಿದ ಕೊಡಾಕ್ ಕ್ಯಾಮೆರಾವನ್ನು 25 ಡಾಲರಿಗೆ ಮಾರಿದ. 1900ರಲ್ಲಿ ಬಂದ ‘ಬ್ರೌನಿ’ಯ ಬೆಲೆ ಒಂದೇ ಡಾಲರ್. ಶ್ರೀಮಂತರ ಹವ್ಯಾಸ ಮಕ್ಕಳ ಕೈಗೂ ಬಂತು.

ಫಿಲ್ಮ್ ತಯಾರಿಕೆ ಸುಲಭದ ಕೆಲಸವಲ್ಲ. ಮೂಳೆ, ಚರ್ಮಗಳಿಂದ ತೆಗೆದ ಜೆಲಟಿನ್‌ನಲ್ಲಿ ಬೆಳ್ಳಿಯ ಲವಣವನ್ನು ಬೆರೆಸಿ ಕತ್ತಲಲ್ಲಿ ತೆಳುವಾಗಿ ಲೇಪಿಸಬೇಕು. ಜೆಲಟಿನ್‌ನ ಒಂದು ಕಂತು ಚುರುಕಾಗಿಯೂ ಇನ್ನೊಂದು ಮಂದವಾಗಿಯೂ ಇರುವುದೇಕೆ ಎಂಬುದು ದೊಡ್ಡ ಒಗಟಾಗಿತ್ತು. ಕಂಪೆನಿಯ ವಿಜ್ಞಾನಿ ಎಸ್. ಇ. ಶೆಪರ್ಡ್ 1920ರ ದಶಕದಲ್ಲಿ ಅದನ್ನು ಬಿಡಿಸಿದ. ಸಾಸಿವೆ ಎಣ್ಣೆಯಲ್ಲಿರುವಂಥ ಗಂಧಕದ ಅಂಶ ಅತ್ಯಲ್ಪ ಪ್ರಮಾಣದಲ್ಲಿದ್ದರೂ ಸಾಕು, ಫಿಲ್ಮಿಗೆ ಬೆಳಕಿನ ಸಂವೇದನೆ ಹೆಚ್ಚುತ್ತಿತ್ತು! ನಮ್ಮ ಒಗ್ಗರಣೆಯ ಸಾಸಿವೆಗೆ ಇಂಥ ನಂಟೂ ಇದೆ.

ಇದೇ ಊರಿನ ಹ್ಯಾಲಾಯ್ಡ್ ಎಂಬ ಸಣ್ಣ ಫೋಟೋ ಕಾಗದದ ಕಂಪೆನಿ, ಚೆಸ್ಟರ್ ಕಾರ್ಲ್‌ಸನ್ 1938ರಲ್ಲಿ ಕಂಡುಹಿಡಿದ ಒಣ ನಕಲಿನ ವಿಧಾನವನ್ನು ನಂಬಿ 1947ರಲ್ಲಿ ಅದರ ಪರವಾನಗಿ ಪಡೆಯಿತು. ಅದಕ್ಕೂ ಮುನ್ನ ದೊಡ್ಡ ದೊಡ್ಡ ಕಂಪೆನಿಗಳು ಕಾರ್ಲ್‌ಸನ್‌ನನ್ನು ಬಾಗಿಲಿನಿಂದಲೇ ಸಾಗಹಾಕಿದ್ದವು. 1959ರಲ್ಲಿ ‘914’ ಯಂತ್ರ ಬಂದಾಗ ಹ್ಯಾಲಾಯ್ಡ್‌ನ ದೆಸೆಯೇ ತಿರುಗಿತು, ಅದೇ ಜೆರಾಕ್ಸ್.

ಕೊಡಾಕ್‌ನಲ್ಲಿ ಕೆಲಸ ಸಿಕ್ಕಿತೆಂದರೆ ಜನ್ಮ ಸಾರ್ಥಕ ಎಂದು ಊರವರು ಭಾವಿಸುತ್ತಿದ್ದರು. ನಮ್ಮಲ್ಲಿ ಸರ್ಕಾರಿ ನೌಕರಿಗೆ ಇರುವ ಮರ್ಯಾದೆಯಂತೆಯೇ ಎನ್ನಿ. 1912ರಿಂದ ನೌಕರರಿಗೂ ಲಾಭದಲ್ಲಿ ಪಾಲಿತ್ತು. 1982ರಲ್ಲಿ ರಾಚೆಸ್ಟರ್ ಪ್ರದೇಶವೊಂದರಲ್ಲೇ 60,400 ಮಂದಿ ಅಲ್ಲಿ ದುಡಿಯುತ್ತಿದ್ದರು. ಈ ಸುಖ ಎಲ್ಲರ ಪಾಲಿಗೂ ಬರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ದಕ್ಷಿಣದಿಂದ ವಲಸೆ ಬಂದ ಕಪ್ಪು ಜನರಿಗೆ ಕಾರ್ಖಾನೆಯ ಬಾಗಿಲು ತೆರೆದದ್ದು ತೀರಾ ಕಡಿಮೆ. 1964ರ ಜುಲೈನಲ್ಲಿ ಊರು ದಂಗೆಯಲ್ಲಿ ಬೆಂದಿತು. 1966ರಲ್ಲಿ ಅವರ ಸಂಘಟನೆ ಕೊಡಾಕ್‌ನ ಮುಂದೆ 600 ಉದ್ಯೋಗಗಳ ಬೇಡಿಕೆ ಇಟ್ಟು ಹೋರಾಡಬೇಕಾಯಿತು. ಆ ಬಡಾವಣೆಗಳಲ್ಲಿ ಬಡತನ ಇಂದಿಗೂ ಉಳಿದಿದೆ.

ಕೊಡಾಕ್‌ಗೆ ಪೆಟ್ಟು ಕೊಟ್ಟ ವಸ್ತು ಹುಟ್ಟಿದ್ದೂ ಅದರ ಮನೆಯಲ್ಲೇ. 1975ರಲ್ಲಿ ಅಲ್ಲಿನ ಯುವ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಫಿಲ್ಮ್ ಬೇಡದ ಡಿಜಿಟಲ್ ಕ್ಯಾಮೆರಾ ಜೋಡಿಸಿದ. ತೂಕ ಮೂರೂವರೆ ಕಿಲೋಗೂ ಹೆಚ್ಚು. ಒಂದು ಚಿತ್ರ ಕ್ಯಾಸೆಟ್ ಟೇಪಿನಲ್ಲಿ ದಾಖಲಾಗಲು 23 ಸೆಕೆಂಡು. ಫಿಲ್ಮಿನ ಲಾಭ ಕೈತುಂಬ ಬರುತ್ತಿರುವಾಗ ಅದರ ಮೇಲೆ ಪೂರ್ಣ ಮನಸ್ಸು ಇಡುವವರು ಯಾರು? 2007ರಲ್ಲಿ ಕೊಡಾಕ್ ಪಾರ್ಕಿನ ಭಾರಿ ಕಟ್ಟಡಗಳನ್ನು ಸಿಡಿಮದ್ದಿಟ್ಟು ಕೆಡವಲಾಯಿತು. 2012ರ ಜನವರಿಯಲ್ಲಿ ಕಂಪೆನಿ ದಿವಾಳಿ ರಕ್ಷಣೆ ಕೋರಿತು. ಜೆರಾಕ್ಸ್ 1969ರಲ್ಲೇ ತನ್ನ ಮುಖ್ಯ ಕಚೇರಿಯನ್ನು ಬೇರೆ ರಾಜ್ಯಕ್ಕೆ ಒಯ್ದಿತ್ತು. 1950ರಲ್ಲಿ 3,32,488 ಇದ್ದ ಊರಿನ ಜನಸಂಖ್ಯೆ 2020ರಲ್ಲಿ 2,11,328.

ಹಾಗಾದರೆ ಊರು ಪಾಳುಬಿದ್ದಿತೇ? ಇಲ್ಲ. ಹಿಂದಿನವರು ಕಂಪೆನಿಗಳ ಜೊತೆಗೆ ಶಾಲೆಗಳನ್ನೂ ಕಟ್ಟಿದ್ದರು. ಕುಶಲ ಕೆಲಸಗಾರರು ಬೇಕೆಂದು ಲೋಂಬ್ ಮತ್ತಿತರರು 1885ರಲ್ಲಿ ತೆರೆದ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ಇಂದಿನ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಬೇರುಗಳಲ್ಲೊಂದು. ಓದಿನ ನಡುವೆಯೇ ಕಂಪೆನಿಗಳಲ್ಲಿ ಸಂಬಳದ ಕೆಲಸ ಮಾಡಿ ಬರುವ ‘ಕೋ-ಆಪ್’ ಪದ್ಧತಿ ಅಲ್ಲಿ 1912ರಿಂದಲೂ ಇದೆ. ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1929ರಲ್ಲಿ ಕೊಡಾಕ್, ಬಾಶ್ ಅಂಡ್ ಲೋಂಬ್‌ಗಳ ನೆರವಿನಿಂದ ದೃಗ್ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಇದೇ ವಿಶ್ವವಿದ್ಯಾಲಯದಲ್ಲಿ 1985ರಲ್ಲಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಎಂಬ ಸಂಶೋಧನಾ ವಿದ್ಯಾರ್ಥಿನಿ ತನ್ನ ಗುರು ಜೆರಾರ್ ಮೂರೂ ಜೊತೆಗೂಡಿ ಮಾಡಿದ ಲೇಸರ್ ಕೆಲಸಕ್ಕೆ 2018ರ ನೊಬೆಲ್ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ಕಟ್ಟಿದ ಇ.ಸಿ.ಜಿ. ಸುದರ್ಶನ್ ಅವರೂ 1958ರಲ್ಲಿ ಇಲ್ಲಿಯೇ ಡಾಕ್ಟರೇಟ್ ಪಡೆದವರು. ಹಿಂದೆ ಕೊಡಾಕ್‌ಗಿದ್ದ ಸ್ಥಾನದಲ್ಲಿ ಈಗ ಊರಿನ ಅತಿ ದೊಡ್ಡ ಉದ್ಯೋಗದಾತ ಸಂಸ್ಥೆ ಈ ವಿಶ್ವವಿದ್ಯಾಲಯವೇ. ಕೊಡಾಕ್ ಕೂಡ ಮುಚ್ಚಿಹೋಗಿಲ್ಲ. 2023ರ ‘ಓಪನ್‌ಹೈಮರ್’ ಚಿತ್ರಕ್ಕೆ ಬೇಕಾದ ವಿಶೇಷ ಕಪ್ಪು-ಬಿಳುಪು ಫಿಲ್ಮನ್ನು ಮಾಡಿಕೊಟ್ಟದ್ದು ಅದೇ.

ನೋಡಬಯಸುವವರು ಮೇ ತಿಂಗಳಲ್ಲಿ ಹೋಗಬೇಕು. ಹೈಲ್ಯಾಂಡ್ ಪಾರ್ಕಿನಲ್ಲಿ ಆಗ ನೀಲಕ ಹೂಗಳ ಹಬ್ಬ. ಈಸ್ಟ್‌ಮನ್‌ನ ಬಂಗಲೆ ಈಗ ಛಾಯಾಗ್ರಹಣದ ವಸ್ತುಸಂಗ್ರಹಾಲಯ. ಓದಲು ಮಕ್ಕಳನ್ನು ಕಳುಹಿಸುವವರಿಗೆ ಮಾತ್ರ ಇನ್ನೊಂದು ಮಾತು. ಚಳಿಗಾಲದಲ್ಲಿ ಇಲ್ಲಿ ಒಟ್ಟು ಎರಡು ಮೀಟರಿಗೂ ಹೆಚ್ಚು ಹಿಮ ಬೀಳುತ್ತದೆ. ಶುಲ್ಕದ ಲೆಕ್ಕ ಹಾಕುವಾಗ ಒಳ್ಳೆಯ ಕೋಟು, ಬೂಟಿನ ಖರ್ಚನ್ನೂ ಬರೆದುಕೊಳ್ಳಿ.